ಯಾರ ಮನೆಯದೂ ಅಲ್ಲದ ಹೋರಿಗರು

ಚನ್ನಕೇಶವನನ್ನು ಬೈದರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಬೈಗುಳವನ್ನು ಎಳನೀರಿನ ಹಾಗೆ ಗಟಗಟನೆ ಕುಡಿದು ಮೀಸೆ ಒರೆಸಿಕೊಂಡು ಹೋಗುವ ಆಸಾಮಿ ಅವನು. ಹೊಗಳಿದರೆ ಮಾತ್ರ ಮೈಯೆಲ್ಲ ಉರಿ ಹತ್ತುತ್ತಿತ್ತು. ಯಾರಾದರೂ ಎದುರಿಗೆ ಸಿಕ್ಕಿ, ನೀನು ಪುಣ್ಯಾತ್ಮ ಕಣಣ್ಣ ಎಂದರೆ ಸಾಕು, ಹೆಗಲ ಮೇಲಿನ ಟವೆಲನ್ನು ಎಳೆದು ಒದರುತ್ತಿದ್ದ. ಒಂದು ಸಲ ಹಾಗೆ ಒದರಿದಾಗ ಎದ್ದ ಧೂಳು ಹೋಗಿ ಅಂಬಾಜಿದುರ್ಗದ ಬೆಟ್ಟವನ್ನು ಮುಚ್ಚಿ, ಚಿಂತಾಮಣಿಯ ಹೆಂಗಸರು ಮೋಡ ಕವಿಯಿತೆಂದು ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆಯನ್ನೆಲ್ಲ ಒಳಗೆ ಎತ್ತಿಟ್ಟರಂತೆ. ಸುಳ್ಳೆನ್ನುವವರು ಹೋಗಿ ಆ ಸಂಡಿಗೆಯನ್ನು ತಿಂದು ನೋಡಬಹುದು. ಹಸಿಹಸಿಯಾಗಿಯೇ ಇತ್ತು.

ಅವನ ಊರು ಜಂಗಮಕೋಟೆಗೂ ಮೇಲೂರಿಗೂ ನಡುವೆ, ದೊಡ್ಡ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಊರು. ಅಲ್ಲಿ ಮನುಷ್ಯರಿಗಿಂತ ಹಸುಗಳೇ ಹೆಚ್ಚು. ಜಾತ್ಯತೀತವಾಗಿ ಎಲ್ಲ ಮನೆಯ ಮುಂದೂ ಕಪ್ಪು ಬಿಳುಪಿನ ಸೀಮೆಹಸುಗಳು ನಿಂತಿರುತ್ತವೆ. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಊರಿಗೆ ಊರೇ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲುಗಟ್ಟುತ್ತದೆ. ಮದುವೆಯ ಮುಹೂರ್ತ ತಪ್ಪಿದರೂ ಡೇರಿಯ ಹೊತ್ತು ತಪ್ಪುವಂತಿಲ್ಲ. ಚನ್ನಕೇಶವನೂ ಹಿಂದೆ ಹಸು ಕಟ್ಟಿದ್ದವನೇ. ಮಂಡಿನೋವು ಬಂದು ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಲಾರದೆ ಹೋದ ಮೇಲೆ ಹಸುಗಳನ್ನು ಕೊಟ್ಟುಬಿಟ್ಟು, ಹಿಪ್ಪುನೇರಳೆ ತೋಟ, ರೇಷ್ಮೆಹುಳುವಿನ ಮನೆ ಇಷ್ಟನ್ನೇ ಇಟ್ಟುಕೊಂಡಿದ್ದ. ಹೆಂಡತಿ ಅಶ್ವತ್ಥಮ್ಮನೂ ಅವನೂ ಸೇರಿ ಹುಳು ಸಾಕುತ್ತಿದ್ದರು.

ಹೊಗಳಿಕೆಯ ಕಾಟ ಶುರುವಾದದ್ದು ಒಂದು ಕರುವಿನಿಂದ. ಕೆಲವು ವರ್ಷಗಳ ಹಿಂದೆ ಸೊಪ್ಪು ಕೊಯ್ಯಲು ಹೋದವನಿಗೆ ಹಿಪ್ಪುನೇರಳೆ ಸಾಲಿನ ನಡುವೆ ಒಂದು ಹೋರಿಗರು ಬಿದ್ದಿರುವುದು ಕಂಡಿತು. ಹೊಕ್ಕಳುಬಳ್ಳಿ ಕೂಡ ಒಣಗಿರಲಿಲ್ಲ. ಎತ್ತಿಕೊಂಡು ಬಂದು ಬಾಟಲಿಯಲ್ಲಿ ಹಾಲು ಕುಡಿಸಿದ. ಅದೇ ಅವನು ಮಾಡಿದ ತಪ್ಪು. ಸುದ್ದಿ ಊರಿಗೆ ಗೊತ್ತಾಗುವುದೇ ತಡ, ಆಮೇಲಿಂದ ಯಾರ ಮನೆಯಲ್ಲಿ ಹೋರಿಗರು ಹುಟ್ಟಿದರೂ ಬೆಳಗಾಗುವುದರೊಳಗೆ ಅದು ಚನ್ನಕೇಶವನ ಗೇಟಿನ ಮುಂದೆ ನಿಂತಿರುತ್ತಿತ್ತು. ಬಿಟ್ಟುಹೋದವರೇ ಮಧ್ಯಾಹ್ನ ದಾರಿಯಲ್ಲಿ ಸಿಕ್ಕಿ, ನಿನ್ನಂಥವರು ಇರೋದರಿಂದಲೇ ಮಳೆ ಬೆಳೆ ಆಗ್ತಿರೋದು ಎನ್ನುವರು. ಕೆಲವನ್ನು ಅವನು ಅಲೆದಾಡಿ ಗೋಶಾಲೆಗೆ ಸೇರಿಸಿದ. ಕೆಲವು ಸತ್ತವು. ಈಚೆಗೆ ಬಂದ ಎರಡು ಅವನ ಹತ್ತಿರವೇ ಉಳಿದವು. ಹೆಸರಿಟ್ಟರೆ ನಂಟು ಬೆಳೆದೀತೆಂದು ಅವಕ್ಕೆ ಹೆಸರಿಡದೆ ದೊಡ್ಡದು, ಚಿಕ್ಕದು ಎಂದಷ್ಟೇ ಕರೆಯುತ್ತಿದ್ದ. ನಂಟೇನೋ ಬೆಳೆಯದೆ ಬಿಡಲಿಲ್ಲ. ಆ ಎರಡಕ್ಕೂ ಬಾಟಲಿಗೆ ಹಾಲು ಬೇಕಲ್ಲ, ಅದನ್ನು ಡೇರಿಯಿಂದಲೇ ತರಬೇಕು. ಕರುವಿನ ಬಾಯಿಂದ ಕಿತ್ತುಕೊಂಡ ಹಾಲನ್ನು ಕರುವಿಗೇ ಕೊಂಡು ಕುಡಿಸುವ ಭಾಗ್ಯ ಭೂಮಂಡಲದಲ್ಲಿ ಇನ್ನಾರಿಗಾದರೂ ಇದೆಯೇ ಎಂದು ಅವನು ಹಲ್ಲು ಕಡಿಯುತ್ತಿದ್ದ.

ಹೋರಿಗರುವಿನ ಜಾತಕವೇ ಅಷ್ಟು. ಹೆಣ್ಣುಕರು ಹುಟ್ಟಿದರೆ ಮನೆಯಲ್ಲಿ ಗಿಣ್ಣು ಕಾಯಿಸುತ್ತಾರೆ, ಅದರ ಕೊರಳಿಗೆ ಕರಿದಾರ ಕಟ್ಟುತ್ತಾರೆ, ದೃಷ್ಟಿ ತೆಗೆಯುತ್ತಾರೆ. ಗಂಡು ಹುಟ್ಟಿದರೆ ಕೊಟ್ಟಿಗೆಗೆ ಸಾವಿನ ಮನೆಯ ಕಳೆ. ಉಳುವುದಕ್ಕೆ ಟ್ರ್ಯಾಕ್ಟರು ಬಂದಿದೆ. ಇಷ್ಟಕ್ಕೂ ಸೀಮೆಹೋರಿಗೆ ನೊಗ ನಿಲ್ಲುವಷ್ಟು ಹಿಣಿಲೂ ಇಲ್ಲ. ಹಿಂದೆ ಯಾರೋ ಬಂದು ಹಿಡಿದುಕೊಂಡು ಹೋಗುತ್ತಿದ್ದರು, ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಕಾನೂನಿನ ಭಯಕ್ಕೆ ಅವರೂ ಈ ಕಡೆ ತಲೆಹಾಕುವುದಿಲ್ಲ. ಬರೀ ಹೆಣ್ಣೇ ಹುಟ್ಟುವ ಸೂಜಿ ಬಂದಿದೆ ಎನ್ನುತ್ತಾರೆ, ಆದರೆ ಸೂಜಿ ಹಾಕಿಸಿದ ಮೇಲೂ ಒಮ್ಮೊಮ್ಮೆ ಗಂಡು ಹುಟ್ಟಿಬಿಡುತ್ತದೆ; ಹುಟ್ಟಿ, ಕಂಗಾಲಾಗಿ ನಿಂತ ಮನೆಯವರ ಮುಖವನ್ನು ತಾನೂ ಕಂಗಾಲಾಗಿ ನೋಡುತ್ತದೆ. ಯಾರೂ ಅದನ್ನು ಕೊಲ್ಲುವುದಿಲ್ಲ. ಗೋಹತ್ಯೆ ಎಂದರೆ ಕಿವಿ ಮುಚ್ಚಿಕೊಳ್ಳುವ ಜನ ಇವರು. ಕೊಟ್ಟಿಗೆಯ ದೂರದ ಮೂಲೆಯಲ್ಲಿ ಕಟ್ಟುತ್ತಾರೆ. ಒಂದಿಷ್ಟು ಗಂಜಿ ಇಡುತ್ತಾರೆ. ಹಾಲು ಮಾತ್ರ ಮರೆತುಹೋಗುತ್ತದೆ. ಆಮೇಲೆ, ಅಯ್ಯೋ ಅದಾಗೇ ಹೋಗ್ಬಿಡ್ತು ಪಾಪ ಎಂದು ಹೊಂಗೆಮರದ ಬುಡದಲ್ಲಿ ಗುಂಡಿ ತೋಡುತ್ತಾರೆ. ಆ ಊರಿನ ಹೊಂಗೆಮರಗಳು ಅಷ್ಟು ದಟ್ಟವಾಗಿ ಬೆಳೆಯುವುದಕ್ಕೆ ಬೇರೆ ಗೊಬ್ಬರವೇ ಬೇಕಿರಲಿಲ್ಲ.

ಇಂಥ ಊರಲ್ಲಿ ಕಾರ್ತಿಕದ ಒಂದು ಬೆಳಿಗ್ಗೆ ಚನ್ನಕೇಶವ ಗೇಟು ತೆಗೆದ. ಎದುರಿಗೆ ಇನ್ನೊಂದು ಹೋರಿಗರು ನಿಂತಿತ್ತು. ಮೈಯೆಲ್ಲ ಕಪ್ಪು, ಹಣೆಯಲ್ಲಿ ಒಂದು ಬಿಳಿಯ ಮಚ್ಚೆ. ಆ ಮಚ್ಚೆಯ ನಡುವೆ ಅರಿಸಿನ ಕುಂಕುಮ.

ಅದನ್ನು ಕಂಡದ್ದೇ ಅವನಿಗೆ ತಲೆಯಲ್ಲಿ ಗಿರ್ರೆಂದಿತು. ಬೀದಿಗೆ ಬಿಟ್ಟವರು ಬಿಟ್ಟುಹೋಗಲಿ, ಆದರೆ ಹಾಗೆ ಬಿಡುವ ಮುನ್ನ ನಿಂತು ಪೂಜೆ ಮಾಡಿ ಕೈಮುಗಿದು ಹೋಗಿದ್ದರು. ಕರು ಅವನ ಲುಂಗಿಯ ಅಂಚನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಅವನು ಬಗ್ಗಿ ಮೊದಲು ಆ ಕುಂಕುಮವನ್ನು ಟವೆಲಿನಿಂದ ಒರೆಸಿ ತೆಗೆದ. ಅದರ ಚರ್ಮವೇ ಎದ್ದುಬರುವ ಹಾಗೆ ಒರೆಸಿದ.

ಅಶ್ವತ್ಥಮ್ಮ ಆ ಹೊತ್ತಿಗೆ ಹುಳುಮನೆಯಿಂದ ಹೊರಗೆ ಬಂದಳು. ಹುಳುಗಳು ನಾಲ್ಕನೇ ಜ್ವರ ಎದ್ದು ಮೇಯುವ ಕಾಲ. ಜ್ವರ ಎಂದರೆ ಕಾಯಿಲೆಯಲ್ಲ, ಪೊರೆ ಕಳಚಲು ಹುಳು ಮೇವು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುವುದಕ್ಕೆ ಆ ಸೀಮೆಯವರು ಹೇಳುವ ಮಾತು. ಎದ್ದ ಮೇಲೆ ಅವುಗಳ ಹೊಟ್ಟೆ ತುಂಬಿಸುವುದು ಬ್ರಹ್ಮನಿಗೂ ಆಗದ ಕೆಲಸ. ತೋಟದ ಸೊಪ್ಪನ್ನೆಲ್ಲ ತಿಂದು, ಮನೆಯ ಬಾಗಿಲಿಗೆ ಕಟ್ಟಿದ ತೋರಣದ ಕಡೆ ಕಣ್ಣು ಹಾಕುವಷ್ಟು ಹಸಿವು. ಆ ದಿನಗಳಲ್ಲಿ ಅಶ್ವತ್ಥಮ್ಮ ಹುಳುಗಳಿಗೆ ಬಾಣಂತನ ಮಾಡುತ್ತಿದ್ದಳು. ಕಾಲು ತೊಳೆಯದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಹಾಕುವಂತಿಲ್ಲ. ಬೀಡಿ ಸೇದಿದವರು ಜಗಲಿಯವರೆಗೂ ಬರುವಂತಿಲ್ಲ. ಒಮ್ಮೆ ಸ್ವಂತ ತಮ್ಮನೇ ಸೆಂಟು ಹಾಕಿಕೊಂಡು ಬಂದನೆಂದು ಅವನನ್ನು ಬೇಲಿಯಾಚೆಯೇ ನಿಲ್ಲಿಸಿ ಹಬ್ಬದೂಟ ಬಡಿಸಿದ ಹೆಂಗಸು ಅವಳು.

ಕರುವನ್ನು ನೋಡಿ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚನ್ನಕೇಶವನಿಗೆ ಸುಲಭವಾಗುತ್ತಿತ್ತು. ಸೊಪ್ಪಿನ ಬುಟ್ಟಿಯನ್ನು ಕೆಳಗಿಟ್ಟು, ಇಲ್ಲಿರುವ ಎರಡಕ್ಕೇ ಹಾಲು ಸಾಲುತ್ತಿಲ್ಲವೆಂದೂ, ಹೋದ ಸಲ ಹೀಗೇ ಮೂರನೆಯದು ಬಂದಾಗ ಮೂರಕ್ಕೂ ಅರೆಹೊಟ್ಟೆಯಾಗಿ ಒಂದು ಹೋಗಿಯೇಬಿಟ್ಟಿತೆಂದೂ ನೆನಪಿಸಿದಳು. ಹಾಲಿಗೆ ನೀರು ಬೆರೆಸಿದ್ದು ನೀವೇ ಅಲ್ಲವೇ ಎಂದೂ ಸೇರಿಸಿದಳು. ಸಂಜೆಯೊಳಗೆ ಇದಕ್ಕೊಂದು ಗತಿ ಕಾಣಿಸದೆ ಹೋದರೆ ತಾನು ಚಿಂತಾಮಣಿಯ ಅಕ್ಕನ ಮನೆಗೆ ಹೋಗುವುದಾಗಿಯೂ, ಹುಳುಗಳಿಗೆ ಸೊಪ್ಪು ಹಾಕುವ ಕೆಲಸವನ್ನು ಕರುಗಳಿಗೇ ಕಲಿಸಿಕೊಳ್ಳಬೇಕೆಂದೂ ತಿಳಿಸಿದಳು.

ಚನ್ನಕೇಶವ ಸುಮ್ಮನಿರಬೇಕಾಗಿತ್ತು. ಸುಮ್ಮನಿರಲಿಲ್ಲ. ಜೀವ ಕಣೇ, ಮೂಕಪ್ರಾಣಿ, ನಿನಗೆ ಕರುಳಿಲ್ಲವೇ ಎಂದುಬಿಟ್ಟ.

ಅಶ್ವತ್ಥಮ್ಮ ಹುಳುಮನೆಯ ಕಡೆ ಬೆರಳು ತೋರಿಸಿದಳು.

“ಕರು ಕಣ್ಣು ಬಿಟ್ಕೊಂಡು ನೋಡ್ತದೆ, ಅಂಬಾ ಅಂತದೆ. ಅದಕ್ಕೇ ನಿಮಗೆ ಅದು ಜೀವ. ಅಲ್ಲಿರೋವು ಏನೂ ಅನ್ನಲ್ಲ. ಒಂದು ತಿಂಗಳು ಮಗು ಥರ ಸಾಕಿ, ಗೂಡು ಕಟ್ಟಿದ ಮೇಲೆ ಶಿಡ್ಲಘಟ್ಟಕ್ಕೆ ತಗೊಂಡೋಗಿ ಕುದಿಯೋ ನೀರಿಗೆ ಕೊಟ್ಟು ಬರ್ತೀರಿ. ಬರ್ತಾ ಬೋಂಡ ಬೇರೆ ಕಟ್ಟಿಸ್ಕೊಂಡು ಬರ್ತೀರಿ. ಅವಾಗ ಈ ಕರುಳು ಎಲ್ಲಿರ್ತದೆ?”

ಹುಳುವಿನ ಋಣ ಬೇರೆ ಎನ್ನೋಣವೆಂದರೆ ಅದೇಕೆ ಬೇರೆ ಎಂದು ಚನ್ನಕೇಶವನಿಗೇ ಗೊತ್ತಿರಲಿಲ್ಲ. ನಮ್ಮ ಅನ್ನ ಅದರಿಂದಲೇ ಎನ್ನೋಣವೆಂದರೆ ಡೇರಿಯ ಮುಂದೆ ಸಾಲಲ್ಲಿ ನಿಂತವರೂ ಅದನ್ನೇ ಹೇಳುತ್ತಾರೆ. ಹೆಂಡತಿ ತನ್ನನ್ನೂ ಊರಿನವರನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಿದ್ದಳು, ಮುಳ್ಳು ಅಲ್ಲಾಡಲಿಲ್ಲ. ಅವನು ಕರುವನ್ನು ಬೇವಿನಮರಕ್ಕೆ ಕಟ್ಟಿ, ಚಿಕ್ಕದರ ಪಾಲಿನ ಹಾಲಿನಲ್ಲೇ ಒಂದಿಷ್ಟನ್ನು ಅದಕ್ಕೆ ಕುಡಿಸಿ, ತನ್ನ ಮೇಲೇ ಸಿಟ್ಟು ಮಾಡಿಕೊಂಡು ಟೀ ಅಂಗಡಿಗೆ ಹೋದ.

ಟೀ ಅಂಗಡಿಯ ಬೆಂಚಿನ ಮೇಲೆ ಎರ್ರಪ್ಪ ಕೂತಿದ್ದ. ಬಸ್ ಕಂಡಕ್ಟರಾಗಿ ಬಾಗೇಪಲ್ಲಿ, ಮದನಪಲ್ಲಿ ಕಡೆಯೆಲ್ಲ ಓಡಾಡಿ ನಿವೃತ್ತನಾದವನು. ಪ್ರೈಮರಿ ಸ್ಕೂಲಿನಲ್ಲಿ ಇವನ ಜೊತೆ ಒಂದೇ ಮಣೆಯ ಮೇಲೆ ಕೂತಿದ್ದವನು. ಮಾತಿನ ನಡುವೆ ತೆಲುಗು ಬಂದರೆ ಅವನು ನಿಜ ಹೇಳುತ್ತಿದ್ದಾನೆ ಎಂದು ಅರ್ಥ. ಚನ್ನಕೇಶವ ಅವನ ಮುಂದೆ ಪ್ರತಿಜ್ಞೆಯನ್ನೇ ಮಾಡಿದ: ಈ ಸಲ ಬಿಟ್ಟವರು ಯಾರೆಂದು ಕಂಡುಹಿಡಿದು, ಅವರ ಕೊಟ್ಟಿಗೆಗೇ ಕರುವನ್ನು ಕಟ್ಟಿ ಬರುತ್ತೇನೆ. ಒಬ್ಬನ ಮಾನ ಹೋದರೆ ಉಳಿದವರು ಹೆದರಿಕೊಳ್ಳುತ್ತಾರೆ.

“ಲೇ ಚನ್ನ,” ಎಂದ ಎರ್ರಪ್ಪ, “ಊರಲ್ಲಿ ಕರು ಬಿಟ್ಟೋರು ಯಾರು ಅನ್ನೋದು, ಬಸ್ಸಲ್ಲಿ ಟಿಕೆಟ್ ತಗೊಳ್ದೇ ಇರೋರು ಯಾರ್ರಿ ಅಂದಂಗೆ. ಎಲ್ಲಾ ಕಿಟಕಿ ಕಡೆ ನೋಡ್ತಾರೆ. ಎಂದುಕುರಾ ನೀಕೀ ಗೋಲ?”

ಯಾಕೋ ನಿನಗೆ ಈ ಗೋಳು ಎಂದು ಅವನು ಕೇಳಿದ್ದು. ಆದರೆ ಚನ್ನಕೇಶವನ ಬಳಿ ಒಂದು ಉಪಾಯವಿತ್ತು. ಮನುಷ್ಯರು ಕಿಟಕಿ ಕಡೆ ನೋಡಬಹುದು, ಹಸು ನೋಡುವುದಿಲ್ಲ. ಅವನ ತಾತನ ಕಾಲದಲ್ಲಿ ಮೇಯಲು ಹೋದ ಕರು ತಪ್ಪಿಸಿಕೊಂಡು ಯಾರದೆಂದು ಗೊತ್ತಾಗದಿದ್ದರೆ, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಅದನ್ನು ಬೀದಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ಕೆಚ್ಚಲು ತುಂಬಿ ನಿಂತ ತಾಯಿಗೆ ತನ್ನ ಕರುವಿನ ದನಿ ಕೇಳಿಸುವುದೇ ತಡ, ಕಟ್ಟಿದ ಗೊಂತೇ ಕಿತ್ತುಹೋಗುವ ಹಾಗೆ ಹಗ್ಗ ಎಳೆದು ಕೂಗುತ್ತಿತ್ತು. ಯಾವ ಕೊಟ್ಟಿಗೆಯಿಂದ ಕೂಗು ಬಂತೋ ಅದೇ ಮನೆಯ ಕರು. ಪಂಚಾಯಿತಿಯ ತೀರ್ಪನ್ನು ಒಪ್ಪದವರೂ ಹಸುವಿನ ತೀರ್ಪನ್ನು ಒಪ್ಪುತ್ತಿದ್ದರು.

ಎರ್ರಪ್ಪ ಇನ್ನೊಂದು ಟೀ ಹೇಳಿದ.

ಸಂಜೆ ಡೇರಿಗೆ ಹಾಲು ಹಾಕುವ ಮುಂಚಿನ ಹೊತ್ತು. ಕೊಟ್ಟಿಗೆಗಳಲ್ಲಿ ಹಿಂಡಿ ಬೂಸ ಕಲಸುವ ಸದ್ದು, ಬಕೆಟ್ಟುಗಳ ಸದ್ದು. ಚನ್ನಕೇಶವ ಕರುವಿನ ಕೊರಳಿಗೆ ಹಗ್ಗ ಹಾಕಿ ಬೀದಿಗೆ ಇಳಿದ. ಮದುಮಗನನ್ನು ಕರೆದೊಯ್ಯುವವನ ಗತ್ತಿನಲ್ಲಿ ನಡೆದನೆಂದು ಎರ್ರಪ್ಪ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಬೆಳಗಿನಿಂದ ಅರೆಹೊಟ್ಟೆಯಲ್ಲಿದ್ದ ಕರು ಊರಬಾಗಿಲು ದಾಟುತ್ತಲೇ ಬಾಯಿ ತೆರೆದು ಒಂದು ಸಲ ಕೂಗಿತು.

ಮೊದಲನೆಯ ಮನೆಯ ಕೊಟ್ಟಿಗೆಯಿಂದಲೇ ಉತ್ತರ ಬಂತು. ಹಸು ಹಗ್ಗವನ್ನು ಜಗ್ಗಿ ಅಂಬಾ ಎಂದಿತು.

ಚನ್ನಕೇಶವನ ಎದೆ ಉಬ್ಬಿತು. ಇಷ್ಟು ಬೇಗ ಕಳ್ಳ ಸಿಕ್ಕನಲ್ಲ ಎಂದು ಜಗಲಿ ಹತ್ತುವಷ್ಟರಲ್ಲಿ ಪಕ್ಕದ ಮನೆಯ ಹಸು ಕೂಗಿತು. ಅವನು ಒಂದು ಕಾಲು ಜಗಲಿಯ ಮೇಲೂ ಇನ್ನೊಂದು ಬೀದಿಯಲ್ಲೂ ಇಟ್ಟುಕೊಂಡು ನಿಂತ. ಎದುರು ಮನೆಯಿಂದ ಒಂದು. ಅದರ ಹಿಂದಿನ ಸಂದಿಯಿಂದ ಎರಡು. ಕರು ಮತ್ತೆ ಕೂಗಿತು, ಈ ಸಲ ಬೀದಿಯ ಆ ತುದಿಯವರೆಗೂ ಒಂದಾದ ಮೇಲೊಂದು, ಆಮೇಲೆ ಒಂದರ ಮೇಲೊಂದು, ಊರಿನ ಹಸುಗಳೆಲ್ಲ ಕೂಗತೊಡಗಿದವು. ಆ ಕೂಗಿಗೆ ಶಿಡ್ಲಘಟ್ಟದ ಸ್ಟೇಷನ್ನಿನಲ್ಲಿ ರೈಲು ಬಂತೆಂದು ಜನ ಗಂಟುಮೂಟೆ ಎತ್ತಿಕೊಂಡು ಎದ್ದು ನಿಂತರಂತೆ. ಊರ ಹೊರಗಿನ ಮೊಬೈಲ್ ಟವರು ಒಂದು ಗೇಣು ವಾಲಿತಂತೆ. ವಾಲಿದ್ದನ್ನು ಕಂಡವರಿದ್ದಾರೆ.

ಹೆಂಗಸರು ಬಕೆಟ್ಟುಗಳನ್ನು ಹಿಡಿದು ಹೊರಗೆ ಬಂದರು. ಗಂಡಸರು ಬಂದರು. ಯಾರೂ ಕೇಳದಿದ್ದರೂ ಒಬ್ಬೊಬ್ಬರೂ ಉತ್ತರ ಕೊಡತೊಡಗಿದರು. ನಮ್ಮದು ಯಾವಾಗಲೂ ಕೂಗುತ್ತೆ, ಅದರ ಅಭ್ಯಾಸ. ನಮ್ಮದಕ್ಕೆ ಹೊಟ್ಟೆ ಉಬ್ಬರ. ನಮ್ಮದು ಪಕ್ಕದ ಮನೆಯದು ಕೂಗಿತೆಂದು ಕೂಗಿತು. ನಮ್ಮ ಮನೆಯಲ್ಲಿ ಹುಟ್ಟಿದ್ದು ಹೆಣ್ಣು, ಬೇಕಾದರೆ ಡೇರಿ ಸೆಕ್ರೆಟರಿಯನ್ನು ಕೇಳು. ಒಬ್ಬ ಮುದುಕಿಯಂತೂ ತನ್ನ ಹಸುವಿಗೆ ಕಿವಿಯೇ ಕೇಳಿಸುವುದಿಲ್ಲ ಎಂದಳು. ಆಗಲೂ ಅವಳ ಬೆನ್ನ ಹಿಂದೆ ಅದು ಕೂಗುತ್ತಲೇ ಇತ್ತು.

ಚನ್ನಕೇಶವ ಬೀದಿಯ ನಡುವೆ ಹಗ್ಗ ಹಿಡಿದು ನಿಂತೇ ಇದ್ದ. ತಾತನ ಉಪಾಯದಲ್ಲಿ ತಪ್ಪಿರಲಿಲ್ಲ. ತಾತನ ಕಾಲದಲ್ಲಿ ಕರು ಕಳೆದುಕೊಂಡ ಹಸು ಊರಿಗೆ ಒಂದಿರುತ್ತಿತ್ತು, ಅಷ್ಟೇ. ಇವನು ಬೆಳಗಿನಿಂದ ಒಬ್ಬ ಕಳ್ಳನನ್ನು ಹುಡುಕಿಕೊಂಡು ಹೊರಟಿದ್ದ. ಒಬ್ಬನಾಗಿದ್ದರೆ ಕುತ್ತಿಗೆಪಟ್ಟಿ ಹಿಡಿಯಬಹುದಿತ್ತು. ಇಡೀ ಊರಿನ ಕುತ್ತಿಗೆಪಟ್ಟಿ ಹಿಡಿಯುವುದಕ್ಕೆ ಅವನ ಕೈ ಸಾಲದು, ಮತ್ತೆ ಆ ಕುತ್ತಿಗೆಗಳಲ್ಲಿ ಅವನದೂ ಒಂದಿರಬಹುದು. ತಾನು ಹಸು ಕಟ್ಟಿದ್ದ ಕಾಲದಲ್ಲಿ ಹುಟ್ಟಿದ ಹೋರಿಗರುಗಳು ಏನಾದವೆಂದು ಅವನು ಯೋಚಿಸಿ ನೋಡಿದ. ಒಂದರ ಮುಖವೂ ನೆನಪಿಗೆ ಬರಲಿಲ್ಲ. ಅದೇ ಅವನನ್ನು ಇನ್ನಷ್ಟು ರೇಗಿಸಿತು.

ಅವನು ರೇಗಿಕೊಂಡು ನಿಂತಿದ್ದಾಗ ಹಗ್ಗ ಕೈಯಿಂದ ಜಾರಿತು. ಕರು ನೆಗೆದು ಬೀದಿಯ ಕೊನೆಯ ದೊಡ್ಡ ಮನೆಯ ಕೊಟ್ಟಿಗೆಗೆ ನುಗ್ಗಿತು.

ಅದು ಡೇರಿ ಸಂಘದ ಅಧ್ಯಕ್ಷ ರಮೇಶ್‌ಬಾಬುವಿನ ಮನೆ. ರಮೇಶ್‌ಬಾಬುವಿನಷ್ಟು ಹಸುವಿನ ಭಕ್ತ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ದಿನಾ ಬೆಳಿಗ್ಗೆ ಅವನ ಫೋನಿನಿಂದ ಊರಿನ ಎಲ್ಲರ ಫೋನಿಗೂ ಹೂವಿನ ಹಾರ ಹಾಕಿದ ಹಸುವಿನ ಚಿತ್ರ ಬರುತ್ತಿತ್ತು. ಅವನ ಹಾಲ್‌ನ ಗೋಡೆಯ ಮೇಲಿನ ಹಸುವಿನೊಳಗೆ ಮುಕ್ಕೋಟಿ ದೇವತೆಗಳೂ ಒತ್ತಿಕೊಂಡು ಕೂತಿದ್ದರು. ಕೊಟ್ಟಿಗೆಯ ಹಸುವಿನ ಹತ್ತಿರ ಮಾತ್ರ ಅವನು ಹೋಗುತ್ತಿರಲಿಲ್ಲ, ಒದೆಯುತ್ತದೆಂದು. ಅದನ್ನು ನೋಡಿಕೊಳ್ಳುತ್ತಿದ್ದವಳು ಸೊಸೆ ಭಾನುಪ್ರಿಯಾ. ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ. ಓದಿ ಬಂದ ಹುಡುಗಿ.

ಚನ್ನಕೇಶವ ಏದುಸಿರು ಬಿಡುತ್ತ ಒಳಗೆ ಹೋದಾಗ ಭಾನುಪ್ರಿಯಾ ಬಕೆಟ್ಟನ್ನು ಮಗ್ಗುಲಿಗೆ ಇಟ್ಟುಕೊಂಡು ಕೂತಿದ್ದಳು. ಹಸುವಿನ ಹಿಂಗಾಲುಗಳನ್ನು ಹಗ್ಗದಿಂದ ಬಿಗಿದಿತ್ತು. ತನ್ನ ಕರು ಹುಟ್ಟಿದಂದಿನಿಂದ ಹಸು ಸುಮ್ಮನೆ ಹಾಲು ಬಿಟ್ಟದ್ದೇ ಇಲ್ಲವಂತೆ, ದಿನಾ ಸೂಜಿ ಚುಚ್ಚಿಯೇ ಇಳಿಸಬೇಕು. ಅದರ ಕುತ್ತಿಗೆಯ ಚರ್ಮ ಚುಚ್ಚಿಸಿಕೊಂಡು ಗಂಟುಗಂಟಾಗಿತ್ತು. ಆ ಹಸುವಿನ ಕೆಳಗೆ ಈಗ ಕರು ತಲೆ ತೂರಿಸಿ ಗುಮ್ಮುತ್ತಿತ್ತು. ಬೇರೆ ಹಸುವಾಗಿದ್ದರೆ ಹಾಯ್ದು ಓಡಿಸುತ್ತಿತ್ತು. ಇದು ಕುತ್ತಿಗೆ ತಿರುಗಿಸಿ ಅದನ್ನು ಮೂಸಿತು. ಮತ್ತೆ ಮೂಸಿತು. ತನ್ನದಲ್ಲ ಎಂದು ಅದಕ್ಕೆ ಗೊತ್ತಾಗಿರಲೇಬೇಕು. ಆಮೇಲೆ ಅದರ ಬೆನ್ನನ್ನು ನೆಕ್ಕತೊಡಗಿತು. ಸೂಜಿಯ ಹಂಗಿಲ್ಲದೆ ಕೆಚ್ಚಲಿನಿಂದ ಹಾಲು ತಾನಾಗಿ ಇಳಿದು ಕರುವಿನ ಕಟವಾಯಿಯಿಂದ ನೊರೆ ಸುರಿಯಿತು.

ಬಾಗಿಲಲ್ಲಿ ಊರು ನೆರೆದಿತ್ತು. ರಮೇಶ್‌ಬಾಬು ಫೋನು ಹಿಡಿದುಕೊಂಡು ಬಂದ. ಕರು ತಮ್ಮದಲ್ಲವೆಂದು ಮೊದಲು ಎಲ್ಲರಿಗೂ ಸ್ಪಷ್ಟಪಡಿಸಿ, ಆಮೇಲೆ ಇದು ಗೋಮಾತೆಯ ಇಚ್ಛೆಯೆಂದು ಸಾರಿ, ಚಿತ್ರ ತೆಗೆದ.

“ಇದು ನಿಮ್ಮದಲ್ಲ, ಸರಿ,” ಎಂದ ಚನ್ನಕೇಶವ. “ನಿಮ್ಮದೆಲ್ಲಿ ಹೋಯ್ತು ರಮೇಶಪ್ಪ?”

ರಮೇಶ್‌ಬಾಬು ತೆಗೆದ ಚಿತ್ರವನ್ನು ದೊಡ್ಡದು ಮಾಡಿ ನೋಡತೊಡಗಿದ. ಮಾತಾಡಿದವಳು ಭಾನುಪ್ರಿಯಾ, ಹಸುವಿನ ಕಾಲಿನ ಹಗ್ಗವನ್ನು ಬಿಚ್ಚುತ್ತ, ತಲೆ ಎತ್ತದೆ.

“ನಮ್ಮದನ್ನ ಕೇಳ್ಬೇಡಿ ದೊಡ್ಡಪ್ಪ. ಹುಟ್ಟಿದಾಗ ನಾನೇ ಒರೆಸಿದ್ದು. ಕಾಲೇಜ್ ಫ್ರೆಂಡ್ ಮದುವೆ ಅಂತ ಹೋಗಿ ಸಂಜೆ ಬಂದೆ. ಹಗ್ಗ ಇತ್ತು, ಅದಿರ್ಲಿಲ್ಲ.”

ಬಾಗಿಲಲ್ಲಿ ನಿಂತವರಲ್ಲಿ ಕೆಲವರು ಡೇರಿಗೆ ಹೊತ್ತಾಯಿತೆಂದು ನೆನಪಿಸಿಕೊಂಡು ಹೊರಟರು.

ರಮೇಶ್‌ಬಾಬು ಕರುವನ್ನು ಇಟ್ಟುಕೊಳ್ಳಲು ಒಪ್ಪಿದ. ಒಪ್ಪುವುದೇನು, ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ ಎಂದ. ಸೂಜಿಯ ರಗಳೆ ತಪ್ಪಿತು, ಒದೆಯುವ ಹಸು ಸಾಧುವಾಯಿತು, ಇಂಥ ಕರು ಮನೆಗೆ ಬರುವುದೇ ಒಂದು ಯೋಗ. ಚನ್ನಕೇಶವನಿಗೆ ಸಮಾಧಾನವಾಗಬೇಕಿತ್ತು. ಸಂಜೆಯೊಳಗೆ ಕರುವಿಗೆ ಗತಿ ಕಾಣಿಸಿದ್ದಾಯಿತು. ಮನೆಯಲ್ಲಿರುವ ಎರಡರ ಹಾಲು ಆ ಎರಡಕ್ಕೇ ಉಳಿಯಿತು. ಆದರೂ ಅವನಿಗೆ ಯಾಕೋ ಹಲ್ಲುಸಂದಿಯಲ್ಲಿ ಅಡಕೆ ಚೂರು ಸಿಕ್ಕಿಕೊಂಡಂತಾಯಿತು. ಹಸು ಬತ್ತಿದ ಮೇಲೆ ಇದರ ಕಥೆಯೇನು ಎಂದು ಕೇಳಿದ. ಅದನ್ನು ಆಗಿನ ಕಾಲಕ್ಕೆ ನೋಡಣ ಎಂದ ರಮೇಶ್‌ಬಾಬು. ಹಗ್ಗವನ್ನು ಎಳೆದುಕೊಂಡು ವಾಪಸು ಹೋಗಿಬಿಡಲೇ ಎಂದು ಚನ್ನಕೇಶವನ ಕೈ ಒಮ್ಮೆ ಮುಂದೆ ಬಂತು. ಕರು ಕಣ್ಣು ಮುಚ್ಚಿಕೊಂಡು ಕುಡಿಯುತ್ತಿತ್ತು. ಬಾಟಲಿಯ ರಬ್ಬರನ್ನು ಚೀಪುವಾಗ ಯಾವ ಕರುವೂ ಹಾಗೆ ಕಣ್ಣು ಮುಚ್ಚಿದ್ದನ್ನು ಅವನು ಕಂಡಿರಲಿಲ್ಲ. ಕೈ ಹಿಂದಕ್ಕೆ ಹೋಯಿತು.

ಮಾರನೆಯ ಬೆಳಿಗ್ಗೆ ಗೇಟಿನ ಹೊರಗೆ ಗುಂಪು. ಇನ್ನೂ ಒಂದು ಮಂದೆ ಕರುಗಳನ್ನು ಬಿಟ್ಟರೋ ಏನೋ ಎಂದು ಅವನು ಕೋಲು ಹಿಡಿದೇ ಹೋದ. ಬಿಡುವುದಕ್ಕಲ್ಲ, ಕೇಳುವುದಕ್ಕೆ ಬಂದಿದ್ದರು. ಅಣ್ಣ, ನಿನ್ನ ಹತ್ತಿರ ಎರಡಿವೆಯಲ್ಲ, ಒಂದನ್ನು ಹಾಲು ಕರೆಯುವ ಹೊತ್ತಿಗೆ ಮಾತ್ರ ಕೊಡು, ಹಸುವಿನ ಮುಂದೆ ನಿಲ್ಲಿಸಿ ಆಮೇಲೆ ತಂದು ಕಟ್ಟುತ್ತೇವೆ. ಏಣಿ, ಸ್ಪ್ರೇಯರು, ಮದುವೆ ಮನೆಗೆ ಹಂಡೆ ಕೇಳುವ ಹಾಗೆ ಕೇಳಿದರು. ಗೇಟಿನ ಮುಂದೆ ಬಿಟ್ಟುಹೋದಾಗ ಕೇಳದವರು ಈಗ ಸರದಿ ಯಾರದೆಂದು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು. ಚನ್ನಕೇಶವ ಆ ದಿನ ಅವರಿಗೆ ಹೇಳಿದ್ದನ್ನು ಅಚ್ಚು ಹಾಕಿಸಲಾಗುವುದಿಲ್ಲ. ಅದನ್ನು ಕೇಳಿದ ಹಿಪ್ಪುನೇರಳೆ ಗಿಡಗಳು ಆ ಸಲ ಅರ್ಧ ಎಲೆ ಉದುರಿಸಿದವು.

ಸಂಜೆ ಅವನು ರಮೇಶ್‌ಬಾಬುವಿನ ಕೊಟ್ಟಿಗೆಗೆ ಹೋದ. ಸುಮ್ಮನೆ ನೋಡಿಕೊಂಡು ಬರೋಣ ಎಂದು ಅಶ್ವತ್ಥಮ್ಮನಿಗೆ ಹೇಳಿ ಹೊರಟಿದ್ದ. ಹೋಗುವಷ್ಟರಲ್ಲಿ ಕರುವನ್ನು ಹಸುವಿಗೆ ಬಿಟ್ಟಿದ್ದರು. ನಾಲ್ಕು ಗುಟುಕು ಕುಡಿಯಿತೋ ಇಲ್ಲವೋ, ಹಾಲು ಇಳಿಯಿತು ಎಂದು ಗೊತ್ತಾದೊಡನೆ ರಮೇಶ್‌ಬಾಬು ದೂರದಿಂದಲೇ ಹಗ್ಗ ಎಳೆದ. ಕರುವಿನ ನಾಲಿಗೆ ಹೊರಗೇ ಉಳಿದಿತ್ತು. ಅದನ್ನು ಕಂಬಕ್ಕೆ ಕಟ್ಟಿದ. ಹಸು ಅದರ ಕಡೆಗೇ ನೋಡುತ್ತ ಪೂರ್ತಿ ಹಾಲನ್ನು ಭಾನುಪ್ರಿಯಾಳ ಬಕೆಟ್ಟಿಗೆ ಬಿಡುತ್ತಿತ್ತು. ಹಿಂದಿನ ದಿನದ ಯೋಗ ಎಂದರೆ ಇದು.

ಚನ್ನಕೇಶವ ಹೋಗಿ ಕಂಬದಿಂದ ಹಗ್ಗ ಬಿಚ್ಚಿದ. ರಮೇಶ್‌ಬಾಬು ಇನ್ನೊಂದು ತುದಿಯನ್ನು ಹಿಡಿದುಕೊಂಡ. ಇಬ್ಬರು ಅಜ್ಜಂದಿರು ಒಂದು ಹಗ್ಗದ ಎರಡು ತುದಿ ಹಿಡಿದು ನಿಂತರು, ನಡುವೆ ಕರು.

ನೆರಳಲ್ಲಿದೆ, ಮೈ ತೊಳೆಸಿದ್ದೇನೆ, ಇನ್ನೇನು ಬೇಕು ನಿನಗೆ ಎಂದು ರಮೇಶ್‌ಬಾಬು ಕೇಳಿದ. ಹಾಲು ಬೇಕು, ಅದು ಕರು ಎಂದ ಚನ್ನಕೇಶವ. ಎಲ್ಲ ಹಾಲನ್ನೂ ಕರುವಿಗೇ ಬಿಟ್ಟರೆ ಹಸು ಯಾಕೆ ಕಟ್ಟಬೇಕು, ನೀನು ರೇಷ್ಮೆಹುಳುವನ್ನು ಚಿಟ್ಟೆ ಆಗಲಿ ಅಂತ ಸಾಕ್ತೀಯಾ ಎಂದ ರಮೇಶ್‌ಬಾಬು. ಅಶ್ವತ್ಥಮ್ಮನ ಬಾಣ ಇವನ ಬತ್ತಳಿಕೆಗೆ ಹೇಗೆ ಬಂತೋ ದೇವರೇ ಬಲ್ಲ. ಈ ಸಲ ಚನ್ನಕೇಶವ ಬಾಯಿ ಮುಚ್ಚಲಿಲ್ಲ. ಹೌದು, ನಾನೂ ಹುಳುವಿನ ಜೀವದ ಮೇಲೆ ಅನ್ನ ತಿನ್ನುವವನೇ, ನನ್ನ ಕೈಯೂ ಚೊಕ್ಕವಲ್ಲ ಎಂದು ಒಪ್ಪಿಕೊಂಡ. ಒಪ್ಪಿಕೊಂಡರೂ ಹಗ್ಗ ಬಿಡಲಿಲ್ಲ. ಎಲ್ಲವನ್ನೂ ಕೇಳುವ ಹಕ್ಕು ತನಗಿಲ್ಲವೆಂದು ಅವನಿಗೆ ಅನಿಸಿತ್ತು. ಏನನ್ನೂ ಕೇಳದೆ ಮನೆಗೆ ಹೋಗಲೂ ಕಾಲು ಏಳಲಿಲ್ಲ. ಹಿಂದಿನವರು ಎಷ್ಟೇ ಬಡತನವಿದ್ದರೂ ಒಂದು ಮೊಲೆಯನ್ನು ಕರುವಿಗೆಂದೇ ಬಿಟ್ಟು ಉಳಿದ ಮೂರನ್ನು ಕರೆಯುತ್ತಿದ್ದರು.

“ಒಂದು ಮೊಲೆ ಬಿಡು ರಮೇಶಪ್ಪ,” ಎಂದ. “ನಮ್ಮಜ್ಜಿ ಬಿಡ್ತಿದ್ಲು, ನಿಮ್ಮಜ್ಜೀನೂ ಬಿಡ್ತಿದ್ಲು. ಅವರ ಮನೇಲಿ ಗೋಡೆ ಮೇಲೆ ಹಸು ಚಿತ್ರ ಇರ್ಲಿಲ್ಲ, ಅಷ್ಟೇ.”

ಹಿಂದಿನ ದಿನ ಫೋಟೋ ನೋಡಿ ಕೈಮುಗಿದಿದ್ದ ಅಕ್ಕಪಕ್ಕದವರು ಕಾಂಪೌಂಡಿನ ಮೇಲೆ ಗಲ್ಲ ಊರಿ ನೋಡುತ್ತಿದ್ದರು. ರಮೇಶ್‌ಬಾಬು ಅವರನ್ನೊಮ್ಮೆ ನೋಡಿದ. ಆಯ್ತಪ್ಪ, ಮುಂದಿನ ಮೊಲೆ ಒಂದನ್ನು ಬಿಡುತ್ತೇನೆ ಎಂದ.

ಮುಂದಿನ ಮೊಲೆಗಳಲ್ಲಿ ಹಾಲು ಕಡಿಮೆ, ಹಿಂದಿನವುಗಳಲ್ಲಿ ಹೆಚ್ಚು; ಅದು ಹಸು ಕಟ್ಟಿದವರಿಗೆಲ್ಲ ಗೊತ್ತು. ಹಿಂದಿನದು ಎಂದ ಚನ್ನಕೇಶವ. ಮುಂದಿನದು ಎಂದ ರಮೇಶ್‌ಬಾಬು. ಹಿಂದಿನದು. ಮುಂದಿನದು. ಕರುವಿನ ಕತ್ತು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಜಗ್ಗಿತು. ಅದರ ತಾಯಿಯೇ ಅಲ್ಲದ ಹಸು, ಅದರ ಮನೆಯೇ ಅಲ್ಲದ ಕೊಟ್ಟಿಗೆ, ಇರುವ ನಾಲ್ಕು ಮೊಲೆಗಳಲ್ಲಿ ಒಂದಕ್ಕಾಗಿ, ಆ ಒಂದರಲ್ಲೂ ಯಾವುದೆಂದು, ಮುದುಕನೊಬ್ಬ ಮಂಡಿನೋವು ಹೊತ್ತುಕೊಂಡು ಚೌಕಾಸಿ ಮಾಡಬೇಕಾಗಿತ್ತು. ಚನ್ನಕೇಶವನಿಗೆ ನಗುವೂ ಬಂತು, ಅಳುವೂ ಬಂತು, ಎರಡಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಭಾನುಪ್ರಿಯಾ ಇಬ್ಬರನ್ನೂ ನೋಡಲಿಲ್ಲ. ಕೂತಲ್ಲಿಯೇ ಜರುಗಿ ಬಕೆಟ್ಟನ್ನು ಮುಂದಕ್ಕೆ ಎಳೆದುಕೊಂಡಳು. ಅವಳ ಮಗ್ಗುಲಲ್ಲಿ, ಹಸುವಿನ ಹಿಂಗಾಲಿನ ಹತ್ತಿರ, ಒಂದು ಕರು ನಿಲ್ಲುವಷ್ಟು ಜಾಗವಾಯಿತು.

“ಹಗ್ಗ ಬಿಡಿ ಮಾವ,” ಎಂದಳು.